ತಾತನ ಪೇಪರ್, ನನ್ನ ಹತ್ತು ಕಿಲೋಮೀಟರ್

ಭಾಗ 1

ಹೋದ ವಾರ ಹಾಕಿದ ಫೋಟೋಗೆ ತುಂಬಾ ಜನ ಕೇಳಿದ್ರಿ, ಇದು ಯಾವ ಜಾಗ, ಬೆಳಗ್ಗೆ ಐದು ಗಂಟೆಗೆ ಇಷ್ಟೊಂದು ಜನ ಏನ್ಮಾಡ್ತಿದ್ದಾರೆ ಅಂತ. ಕೆ.ಆರ್. ಮಾರ್ಕೆಟ್ ಕಣ್ರಪ್ಪಾ. ಪುಸ್ತಕದಲ್ಲಿ ಬರೆಯೋವಾಗ ಕೃಷ್ಣರಾಜ ಮಾರುಕಟ್ಟೆ, ನಮ್ಮ ಮನೇಲಿ ಬರೀ ‘ಮಾರ್ಕೆಟ್’. ಒಂದೇ ಕ್ಯಾಪ್ಷನ್‌ನಲ್ಲಿ ಹೇಳಿ ಮುಗಿಸೋಕಾಗಲ್ಲ, ಅದಕ್ಕೆ ಭಾಗ ಭಾಗವಾಗಿ ಹಾಕ್ತಿದ್ದೀನಿ. ಓದೋಕೆ ಟೈಮ್ ಇಲ್ಲದೋರು ಸೇವಂತಿಗೆ ಫೋಟೋ ನೋಡ್ಕೊಂಡು ಹೋಗಿ, ಬೇಜಾರಿಲ್ಲ.

ಶುರುವಾಗಿದ್ದು ಜುಲೈ ಕೊನೇಲಿ. ಮಕ್ಕಳ ಕೂಟದ ಹತ್ರ ಬಸ್ ಹೊರಟುಬಿಟ್ಟಿತ್ತು, ಹಿಂದೆ ಓಡಿದೆ. ಎಷ್ಟು ದೂರ ಅಂತೀರಾ? ನೂರು ಹೆಜ್ಜೆ ಇರಬಹುದು. ಹತ್ತಿದ ಮೇಲೆ ಎದೆ ಹಿಡ್ಕೊಂಡು ಕಂಬಿಗೆ ಒರಗಿ ನಿಂತೆ. ಕಂಡಕ್ಟರ್ ತಮ್ಮ ನೀರಿನ ಬಾಟ್ಲಿ ಕೊಟ್ಟು, ‘ಕೂತ್ಕೊಳಮ್ಮ’ ಅಂದ್ರು. ಪಕ್ಕದ ಸೀಟಿನ ಅಜ್ಜಿ ಎದ್ದು ಜಾಗ ಬಿಟ್ರು. ನನಗೆ ಹತ್ತೊಂಬತ್ತು ವರ್ಷ, ಅವರಿಗೆ ಕಮ್ಮಿ ಅಂದ್ರೂ ಎಪ್ಪತ್ತು.

ಅವಮಾನ ಅಂದ್ರೆ ಅದು. ಆ ಭಾನುವಾರವೇ ಸಂಡೇ ಬಜಾರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಶೂ ತಗೊಂಡೆ. ಹೇಳಿದ್ದು ಆರುನೂರು, ಕೊಟ್ಟಿದ್ದು ಮುನ್ನೂರೈವತ್ತು. ಎಡಗಾಲಿಂದು ಸ್ವಲ್ಪ ಬಿಗಿ. ಎರಡನೇ ಫೋಟೋದಲ್ಲಿ ಇರೋದು ಅದೇ ಶೂ, ಲೇಸ್ ಮಾತ್ರ ಹೊಸದು.

ಮೊದಲ ವಾರ ಒಂದು ನಿಮಿಷ ಓಡೋದು, ಎರಡು ನಿಮಿಷ ನಡೆಯೋದು, ಹಿಂಗೇ ಇಪ್ಪತ್ತು ನಿಮಿಷ. ಚಾಮರಾಜಪೇಟೆ ಅಡ್ಡರಸ್ತೆಗಳಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದ್ವು, ಹಾಗಾಗಿ ಒಂದು ನಿಮಿಷದ ಓಟ ಕೆಲವು ಸಲ ಮೂರು ನಿಮಿಷ ಆಗಿದ್ದೂ ಉಂಟು. ಆಮೇಲೆ ದಾರಿ ಬದಲಾಯಿಸಿ ಮಾರ್ಕೆಟ್ ಕಡೆ ಓಡಿದೆ. ಹುಡುಗಿ ಒಬ್ಬಳೇ ಕತ್ತಲಲ್ಲಿ ಮಾರ್ಕೆಟ್‌ಗಾ ಅಂತ ನೀವು ಹುಬ್ಬೇರಿಸಬಹುದು. ಬೆಳಗ್ಗೆ ಐದಕ್ಕೆ ಬೆಂಗಳೂರಲ್ಲಿ ಹೆಂಗಸರು ಅಷ್ಟು ಗುಂಪಾಗಿ ಕೂತಿರೋ ಜಾಗ ಇನ್ನೊಂದು ನಾನಂತೂ ನೋಡಿಲ್ಲ. ಕನಕಾಂಬರ ಕಟ್ಟೋರು, ಕಾಕಡ ಅಳೆಯೋರು, ಟೀ ಕುಡೀತಾ ಜಗಳ ಆಡೋರು. ದಸರಾ ಹತ್ರ ಬರೋ ಹೊತ್ತಿಗೆ ನನಗೆ ಅಲ್ಲಿ ಒಂದು ಹೆಸರು ಬೇರೆ ಬಂದಿತ್ತು: ‘ಓಡೋ ಪಾಪ’.

ಭಾಗ 2

ಇಲ್ಲಿ ಒಂದು ವಿಷಯ ಹೇಳಬೇಕು. ಕ್ಲಾಸಿನಲ್ಲಿ ಯಾರಾದ್ರೂ ಮನೆ ಬಗ್ಗೆ ಕೇಳಿದ್ರೆ ನಾನು ‘ಚಾಮರಾಜಪೇಟೆ, ಫ್ಯಾಮಿಲಿ ಫ್ಲವರ್ ಬಿಸಿನೆಸ್’ ಅಂತ ಹೇಳ್ತಿದ್ದೆ. ಸುಳ್ಳಲ್ಲ. ಆದ್ರೆ ನೀವು ಅಂದ್ಕೊಂಡಂಗೆ ಅಂಗಡಿ, ಗಲ್ಲಾಪೆಟ್ಟಿಗೆ ಏನೂ ಇಲ್ಲ. ಅಮ್ಮ ಮೆಟ್ಟಿಲ ಪಕ್ಕ ಬುಟ್ಟಿ ಇಟ್ಕೊಂಡು ಬಿಡಿ ಹೂ ಮಾರ್ತಾರೆ. ತಾತ ಅದೇ ಮಾರ್ಕೆಟ್‌ನಲ್ಲಿ ಹಮಾಲಿ. ಮಾಲೂರು ಕಡೆಯಿಂದ ಹುಡುಗನಾಗಿ ಹೂವಿನ ಮಂಕರಿ ಜೊತೆ ರೈಲಲ್ಲಿ ಬಂದವರು, ಐವತ್ತು ವರ್ಷಕ್ಕೂ ಮೇಲೆ ತಲೆ ಮೇಲೆ ಸಿಂಬೆ ಇಟ್ಕೊಂಡು ಮೂಟೆ ಹೊತ್ತಿದ್ದಾರೆ. ನಾನು ಮಾರ್ಕೆಟ್‌ನಲ್ಲಿ ಓಡೋ ರೀಲ್ ಹಾಕಿದಾಗಲೂ ಅವರಿಬ್ಬರೂ ಫ್ರೇಮಿಗೆ ಬರದ ಹಾಗೆ ನೋಡ್ಕೊಂಡಿದ್ದೆ. ಗೊತ್ತಾಯ್ತಲ್ಲ.

ಸೆಪ್ಟೆಂಬರ್ ಮೊದಲ ವಾರ ತಾತಂಗೆ ಮಿಂಟೋ ಆಸ್ಪತ್ರೇಲಿ ಕಣ್ಣಿನ ಪೊರೆ ಆಪರೇಷನ್ ಆಯ್ತು. ಭಾರ ಎತ್ತಬಾರದು, ಬಗ್ಗಬಾರದು, ಹೊಸ ಕನ್ನಡಕ ಕೊಡೋದು ಆರು ವಾರ ಆದ್ಮೇಲೆ. ಭಾರ ಎತ್ತದೆ ಇರೋದಕ್ಕೆ ಹೆಂಗೋ ಒಪ್ಪಿಕೊಂಡ್ರು. ಪೇಪರ್ ಓದದೆ ಇರೋದಕ್ಕೆ ಆಗ್ಲಿಲ್ಲ. ತಾತ ನಾಲ್ಕನೇ ಕ್ಲಾಸ್‌ವರೆಗೆ ಓದಿರೋದು, ಆದ್ರೆ ಪೇಪರಿನ ಟೆಂಡರ್ ನೋಟಿಸೂ ಬಿಡದೆ ಓದೋ ಜಾತಿ.

ಹಾಗಾಗಿ ನನಗೊಂದು ಕೆಲಸ ಬಿತ್ತು. ಐದೂಕಾಲಿಗೆ ಮನೆ ಬಿಡೋದು, ಮಾರ್ಕೆಟ್‌ವರೆಗೆ ಓಡೋದು, ಪೇಪರ್ ಬಂಡಲ್ ಬಿಚ್ಚೋ ಜಾಗದಲ್ಲಿ ಒಂದು ಪೇಪರ್ ತಗೊಂಡು ಸುರುಳಿ ಸುತ್ತಿ ಕೈಯಲ್ಲಿ ಹಿಡ್ಕೊಂಡು ವಾಪಸ್ ಓಡೋದು, ಜಗುಲಿ ಮೇಲೆ ಕಪ್ಪು ಕನ್ನಡಕ ಹಾಕ್ಕೊಂಡು ಕೂತಿರೋ ತಾತಂಗೆ ಓದಿ ಹೇಳೋದು. ಕೆಲವು ದಿನ ಓಡೋಕೆ ಮನಸ್ಸೇ ಇರ್ತಿರಲಿಲ್ಲ, ಮಳೆ ಬೇರೆ. ಈ ವರ್ಷದ ಮಳೆ ನಿಮಗೇ ಗೊತ್ತು, ಸೆಪ್ಟೆಂಬರ್‌ನಲ್ಲಿ ಅರ್ಧ ಬೆಂಗಳೂರು ದೋಣಿ, ಟ್ರಾಕ್ಟರ್ ಹತ್ತಿತ್ತು. ಆದ್ರೆ ಪೇಪರ್ ಇಲ್ಲದೆ ಮನೆಗೆ ಹೋಗೋಕಾಗ್ತಾ? ಆಪ್‌ನ ನೋಟಿಫಿಕೇಷನ್ ಆಫ್ ಮಾಡಬಹುದು, ತಾತನ್ನ ಆಫ್ ಮಾಡೋಕಾಗಲ್ಲ.

ಓಟದ ಬಗ್ಗೆ ಅವರಿಗೆ ಮೊದಮೊದಲು ನಗು. ‘ನಾವು ಕಾಸಿಗೆ ಓಡಿದ್ವಿ, ನೀನು ಕಾಸು ಕೊಟ್ಟು ಶೂ ತಗೊಂಡು ಓಡ್ತೀಯ’ ಅಂತ. ಆದ್ರೆ ನನ್ನ ಕಾಲಿನ ಮುಂಭಾಗದ ಮೂಳೆ ನೋಯೋಕೆ ಶುರುವಾದಾಗ ಅವರೇ ಸರಿ ಮಾಡಿದ್ದು. ಹೆಜ್ಜೆ ಉದ್ದ ಇಡಬೇಡ, ಸಣ್ಣದಿಡು. ಏರು ಬಂದಾಗ ತುದಿ ನೋಡಬೇಡ, ಮುಂದಿನ ನಾಲ್ಕು ಮಾರು ನೋಡು. ಮೂಟೆ ಹೊತ್ತೋನು ಓಡಿದಂಗೆ ನಡೀತಾನೆ, ಯಾಕಂದ್ರೆ ನಿಧಾನ ಮಾಡಿದ್ರೆ ಭಾರ ಜಾಸ್ತಿ ಆಗುತ್ತೆ, ಆದ್ರೆ ಯಾವತ್ತೂ ದಾಪುಗಾಲು ಹಾಕಲ್ಲ. ಆಮೇಲೆ ಯೂಟ್ಯೂಬ್‌ನಲ್ಲಿ ಒಬ್ಬ ಕೋಚ್ ಅರ್ಧ ಗಂಟೆ ತಗೊಂಡು ಇದನ್ನೇ ಹೇಳಿದ.

ಭಾಗ 3

ಆ ಆರು ವಾರ ಪೇಪರ್‌ನಲ್ಲಿ ದಿನಾ ಇದ್ದ ಸುದ್ದಿ ಒಂದೇ. ಕಾಂಗ್ರೆಸ್ ಪಕ್ಷದ ಅಧ್ಯಕ್ಷರ ಚುನಾವಣೆ.

ನಾನು ಯಾವ ಪಕ್ಷದವಳೂ ಅಲ್ಲ, ಕಮೆಂಟಲ್ಲಿ ಜಗಳ ಶುರು ಮಾಡಬೇಡಿ. ತಾತನೂ ಎಲ್ಲಾ ಪಕ್ಷದೋರನ್ನೂ ಬೈಯ್ತಾರೆ. ನಾನು ಇದಕ್ಕೆ ಅಂಟಿಕೊಂಡಿದ್ದು ಓದಲೇಬೇಕಿತ್ತು ಅಂತ. ಆಮೇಲೆ ನಿಜವಾಗ್ಲೂ ಹುಚ್ಚು ಹಿಡೀತು. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ರಾಜ್ಯ ರಾಜ್ಯದಲ್ಲಿ ಸಾಮಾನ್ಯ ಜನಾನೇ ಕ್ಯೂ ನಿಂತು ಓಟು ಹಾಕ್ತಾರೆ, ತಿಂಗಳುಗಟ್ಟಲೆ ನಡೆಯುತ್ತೆ. ನಮ್ಮಲ್ಲಿ ಹಂಗಿಲ್ಲ. ಇಲ್ಲಿ ಓಟು ಇದ್ದಿದ್ದು ದೇಶದಾದ್ಯಂತ ಸುಮಾರು 9,900 ಪ್ರತಿನಿಧಿಗಳಿಗೆ ಮಾತ್ರ. ಅದೂ 2000ದಲ್ಲಿ ಸೋನಿಯಾ ಗಾಂಧಿ ಎದುರು ಜಿತೇಂದ್ರ ಪ್ರಸಾದ ನಿಂತಿದ್ದು ಬಿಟ್ಟರೆ, ಇಪ್ಪತ್ತೆರಡು ವರ್ಷ ಸ್ಪರ್ಧೆಯೇ ನಡೆದಿರಲಿಲ್ಲ. ಆಗ ಅವರಿಗೆ ಬಿದ್ದಿದ್ದು 94 ಓಟು, ಸೋನಿಯಾಗೆ 7,448. ನಾನು ಹುಟ್ಟೇ ಇರಲಿಲ್ಲ.

ಮೊದಲು ರಾಜಸ್ಥಾನದ ಅಶೋಕ್ ಗೆಹ್ಲೋಟ್ ಅಂದ್ರು. ಸೆಪ್ಟೆಂಬರ್ 25ಕ್ಕೆ ಅಲ್ಲಿನ ಶಾಸಕರೇ ತಿರುಗಿಬಿದ್ರು, 29ಕ್ಕೆ ಅವರು ಸೋನಿಯಾ ಹತ್ರ ಕ್ಷಮೆ ಕೇಳಿ ಹಿಂದೆ ಸರಿದ್ರು. ಆಮೇಲೆ ದಿಗ್ವಿಜಯ ಸಿಂಗ್ ಫಾರಂ ತಗೊಂಡ್ರು. ಮಾರನೇ ದಿನ, ನಾಮಪತ್ರದ ಕೊನೇ ದಿನ, ಇದ್ದಕ್ಕಿದ್ದಂತೆ ನಮ್ಮ ಮಲ್ಲಿಕಾರ್ಜುನ ಖರ್ಗೆ. ದಿಗ್ವಿಜಯ ಸಿಂಗ್ ಫಾರಂ ಮಡಚಿಟ್ರು. ಜಾರ್ಖಂಡ್‌ನ ತ್ರಿಪಾಠಿಯವರ ನಾಮಪತ್ರ ತಿರಸ್ಕಾರ ಆಯ್ತು. ಉಳಿದಿದ್ದು ಇಬ್ಬರು, ಖರ್ಗೆ ಮತ್ತು ಶಶಿ ತರೂರ್.

ತಾತ ಖರ್ಗೆ ಕಡೆ, ನಾನು ತರೂರ್ ಕಡೆ. ನನ್ನ ಕಾರಣ ನಿಮಗೆ ಗೊತ್ತೇ ಇದೆ, ನೀವೂ ಅರ್ಧ ಜನ ಅದೇ ಕಾರಣಕ್ಕೆ ಅವರ ಕಡೆ ಇದ್ರಿ: ಇಂಗ್ಲಿಷ್, ಪುಸ್ತಕ, ಪ್ರಣಾಳಿಕೆ, ಬದಲಾವಣೆ ಅನ್ನೋ ಮಾತು. ಜೊತೆಗೆ, ಸೋಲ್ತೀನಿ ಅಂತ ಗೊತ್ತಿದ್ದೂ ಊರೂರು ಸುತ್ತಿ ಓಟು ಕೇಳ್ತಿದ್ರು. ಕೆಲವು ರಾಜ್ಯಗಳಲ್ಲಿ ಪಕ್ಷದ ದೊಡ್ಡೋರು ಸ್ವಾಗತಕ್ಕೂ ಬರಲಿಲ್ಲ ಅಂತ ಅವರೇ ಹೇಳ್ಕೊಂಡ್ರು. ಐದು ಕಿಲೋಮೀಟರ್‌ಗೆ ನಲವತ್ತೆರಡು ನಿಮಿಷ ತಗೋತಿದ್ದ ನನಗೆ, ಲಾಲ್‌ಬಾಗಲ್ಲಿ ಅಂಕಲ್‌ಗಳು ಬಿರುಸಾಗಿ ನಡ್ಕೊಂಡೇ ನನ್ನ ದಾಟಿ ಹೋಗ್ತಿದ್ದಾಗ, ಅದು ಇಷ್ಟ ಆಗದೆ ಇರುತ್ತಾ?

ಭಾಗ 4

ಇದು ಬರೆಯೋಕೆ ಕಷ್ಟ.

ಅಕ್ಟೋಬರ್ ಮೊದಲ ವಾರ, ಆಯುಧಪೂಜೆ ಗಲಾಟೆ. ಮಾರ್ಕೆಟ್ ಸುತ್ತ ಬೂದುಗುಂಬಳ, ಬಾಳೆಕಂದು ಗುಡ್ಡೆ ಗುಡ್ಡೆ, ಓಡೋಕೆ ಒಂದಡಿ ಜಾಗ ಇಲ್ಲ. ಕ್ಲಾಸ್ ಗ್ರೂಪಲ್ಲಿ ಯಾರೋ ಖರ್ಗೆಯವರ ಮೀಮ್ ಹಾಕಿದ್ರು. ರಬ್ಬರ್ ಸ್ಟಾಂಪ್ ಮೇಲೆ ಅವರ ಮುಖ. ನಾನು ನಕ್ಕೆ, ಬೇರೆ ಎರಡು ಗ್ರೂಪಿಗೆ ಕಳಿಸಿದೆ. ಸಾಲದು ಅಂತ ಬೆಳಗ್ಗೆ ಪೇಪರ್ ಓದೋವಾಗ ತಾತಂಗೂ ವರ್ಣಿಸಿ ಹೇಳಿದೆ.

ತಾತ ನಗಲಿಲ್ಲ. ಬೈಯಲೂ ಇಲ್ಲ. ಕಪ್ಪು ಕನ್ನಡಕ ಇದ್ದಿದ್ದರಿಂದ ಮುಖದಲ್ಲಿ ಏನಿತ್ತೋ ತಿಳೀಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಮೂರು ಸಲ ಬಾಗ್ಲತ್ರ ಕೂರ್ಸಿ ಎಬ್ಬಿಸಿ ಕಳ್ಸವ್ರೆ ಮಗಾ ಆವಯ್ಯನ್ನ. ನಗೋರು ಆಗ್ಲೂ ನಕ್ರು’ ಅಂದ್ರು. ಅಷ್ಟೇ.

ನಾನು ಹುಡುಕಿ ನೋಡಿದೆ. 1972ರಿಂದ ಸೋಲಿಲ್ಲದೆ ಒಂಬತ್ತು ವಿಧಾನಸಭೆ ಚುನಾವಣೆ, ಗುರುಮಠಕಲ್‌ನಲ್ಲಿ ಎಂಟು, ಚಿತ್ತಾಪುರದಲ್ಲಿ ಒಂದು. ಆಮೇಲೆ ಕಲಬುರಗಿಯಿಂದ ಎರಡು ಲೋಕಸಭೆ. ‘ಸೋಲಿಲ್ಲದ ಸರದಾರ’ ಅಂತ ಕರೀತಿದ್ರು, 2019ರಲ್ಲಿ ಮೊದಲ ಸಲ ಸೋತ್ರು. ಇಷ್ಟೆಲ್ಲಾ ಗೆದ್ದೋರ ಹೆಸರು ಮುಖ್ಯಮಂತ್ರಿ ಸ್ಥಾನಕ್ಕೆ 1999ರಲ್ಲಿ, 2004ರಲ್ಲಿ, 2013ರಲ್ಲಿ ಕೇಳಿಬಂತು. ಆಗಿದ್ದು ಕೃಷ್ಣ, ಧರಂ ಸಿಂಗ್, ಸಿದ್ದರಾಮಯ್ಯ. ಏಳು ವರ್ಷದ ಹುಡುಗ ಆಗೋ ಮುಂಚೇನೇ, ರಜಾಕಾರರ ಗಲಾಟೇಲಿ ಮನೆಗೆ ಬೆಂಕಿ ಬಿದ್ದು ತಾಯೀನ ಕಳ್ಕೊಂಡೋರು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಮೀಮ್ ಕಳಿಸೋಕೆ ಅದೇನೂ ಗೊತ್ತಿರಬೇಕಾಗಿಲ್ಲ ನೋಡಿ.

ತಾತ ಹೇಳದೆ ಬಿಟ್ಟಿದ್ದೂ ನನಗೆ ಗೊತ್ತು. ನಾವು ಯಾರು, ನಮ್ಮ ಕೇರಿ ಊರಲ್ಲಿ ಯಾವ ಕಡೆಗಿತ್ತು, ಹೂವಿನ ಮೂಟೆ ಹೊತ್ತು ಹೋದ ತಾತಂಗೆ ಕೆಲವು ಮನೆಗಳಲ್ಲಿ ನೀರನ್ನ ಯಾವ ಲೋಟದಲ್ಲಿ ಕೊಟ್ರು, ಅದೆಲ್ಲ. ನಾನು ಅದನ್ನ ‘ಫ್ಯಾಮಿಲಿ ಫ್ಲವರ್ ಬಿಸಿನೆಸ್’ ಅಂತ ಎರಡು ಮೂರು ಪದದಲ್ಲಿ ಮುಚ್ಚಿದ್ದೆ. ಆವತ್ತು ಓದೋದು ಮುಗಿಸಿ ಮತ್ತೆ ಶೂ ಹಾಕ್ಕೊಂಡು ಹೊರಟೆ. ಎಷ್ಟು ಓಡಿದೆ ಅಂತ ಲೆಕ್ಕ ಇಟ್ಟಿಲ್ಲ. ಆವತ್ತು ಆಪ್ ಆನ್ ಮಾಡಿರಲಿಲ್ಲ.

ಗ್ರೂಪಲ್ಲಿ ಮೀಮ್ ಡಿಲೀಟ್ ಮಾಡೋಕೆ ಹೋದೆ, ಟೈಮ್ ಮುಗಿದಿತ್ತು. ಅದು ಇನ್ನೂ ಅಲ್ಲೇ ಇದೆ, ನನ್ನ ಹೆಸರಲ್ಲಿ.

ಭಾಗ 5

ಆರನೇ ಫೋಟೋ ಲಾಲ್‌ಬಾಗ್ ಗಾಜಿನ ಮನೆ. ಕೆಂಪೇಗೌಡ ಗೋಪುರದ ಬಂಡೆ ಹತ್ತಿ ಇಳಿದು, ಕೆರೆ ಸುತ್ತಿ, ಇದರ ಮುಂದೆ ಬಂದು ನೀರು ಕುಡಿಯೋದು ನನ್ನ ಅಭ್ಯಾಸ. ಇದರ ಬಗ್ಗೆ ಹೇಳಿದ್ದು ತಾತ, ಮೀಮ್ ಆದ ಎರಡು ದಿನಕ್ಕೆ, ತಾವಾಗೇ ಮಾತು ತೆಗೆದು. ಅದಕ್ಕೆ ನನಗೆ ಈ ಜಾಗ ಅಂದ್ರೆ ಈಗ ಸ್ವಲ್ಪ ಬೇರೆ.

1969ರ ಜುಲೈ. ತಾತಂಗೆ ಹದಿನೈದು. ಕಾಂಗ್ರೆಸ್ ಮಹಾಸಮಿತಿ ಅಧಿವೇಶನ ಈ ಗಾಜಿನ ಮನೇಲಿ. ಅಧ್ಯಕ್ಷರು ನಮ್ಮ ನಿಜಲಿಂಗಪ್ಪ. ಹಾರಗಳು ಮಾರ್ಕೆಟ್‌ನಿಂದ ಹೋಗಬೇಕು, ತಾತ ಮಂಕರಿ ಹೊತ್ಕೊಂಡು ಮಾರ್ಕೆಟ್‌ನಿಂದ ಲಾಲ್‌ಬಾಗ್‌ವರೆಗೆ ದಿನಕ್ಕೆ ಎರಡು ಮೂರು ಸಲ ಓಡಾಡಿದ್ರಂತೆ. ‘ಬಾಡ್‌ಬಾರ್ದಲ್ಲ, ಅದಕ್ಕೆ ಓಡ್ಬೇಕು’ ಅಂದ್ರು. ಅಂದ್ರೆ ನಾನು ಆಪ್‌ನಲ್ಲಿ ನನ್ನದೇ ಅಂತ ಹೆಸರು ಕೊಟ್ಟು ಸೇವ್ ಮಾಡಿರೋ ರೂಟ್, ತಾತ ಐವತ್ಮೂರು ವರ್ಷದ ಹಿಂದೆ ಬರಿಗಾಲಲ್ಲಿ ಓಡಿದ್ದು.

ಆಗ ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡಿದ್ರು, ಮುಂದಿನ ರಾಷ್ಟ್ರಪತಿಗೆ ಪಕ್ಷದ ಅಭ್ಯರ್ಥಿ ಯಾರು ಅನ್ನೋದು ಬೆಂಗಳೂರಲ್ಲೇ ತೀರ್ಮಾನ ಆಗಬೇಕಿತ್ತು. ಇಂದಿರಾ ಗಾಂಧಿ ಜಗಜೀವನ್ ರಾಮ್ ಹೆಸರು ಹೇಳಿದ್ರು. ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿ ಅಂದ್ರು. ಸಂಸದೀಯ ಮಂಡಳೀಲಿ ಓಟಿಗೆ ಹಾಕಿದ್ರು. ನಾಲ್ಕಕ್ಕೆ ಎರಡು, ಜಗಜೀವನ್ ರಾಮ್ ಸೋತ್ರು. ಒಂದೇ ವಾರಕ್ಕೆ, ಜುಲೈ 19ಕ್ಕೆ, ಇಂದಿರಾ ಹದಿನಾಲ್ಕು ಬ್ಯಾಂಕ್ ರಾಷ್ಟ್ರೀಕರಣ ಮಾಡಿದ್ರು. ಆಗಸ್ಟ್‌ನಲ್ಲಿ ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿನೇ ಸೋತು ವಿ.ವಿ. ಗಿರಿ ಗೆದ್ರು, ನವೆಂಬರ್‌ನಲ್ಲಿ ನಿಜಲಿಂಗಪ್ಪ ಪ್ರಧಾನಿನೇ ಪಕ್ಷದಿಂದ ಹೊರಗೆ ಹಾಕಿದ್ರು, ಪಕ್ಷ ಎರಡು ಹೋಳು.

ತಾತಂಗೆ ಬ್ಯಾಂಕು, ಹೋಳು ಯಾವುದೂ ಆಗ ಅರ್ಥ ಆಗಿರಲಿಲ್ಲ. ಮಾರ್ಕೆಟ್‌ನಲ್ಲಿ ವಯಸ್ಸಾದ ಹಮಾಲಿಯೊಬ್ಬರು ‘ನಮ್ಮೋನ್ನ ಬೇಡ ಅಂದ್ರಂತೆ’ ಅಂತ ಹೇಳಿದ್ದು, ಆವತ್ತು ಮಧ್ಯಾಹ್ನ ಗಾಜಿನ ಮನೆಗೆ ಮತ್ತೆ ಹಾರ ಹೊತ್ಕೊಂಡು ಹೋಗಿದ್ದು, ಅದು ಮಾತ್ರ ನೆನಪು. ನಿಜಲಿಂಗಪ್ಪ ಆದ್ಮೇಲೆ ಆ ಕುರ್ಚಿಗೆ ಕನ್ನಡದೋರು ಯಾರೂ ಹೋಗಿರಲಿಲ್ಲ. ಹಾಗಾಗಿ ತಾತಂಗೆ ಈ ಸಲದ್ದು ಸುಮ್ಮನೆ ಒಂದು ಪಕ್ಷದ ಸುದ್ದಿ ಆಗಿರಲಿಲ್ಲ.

ಹಾಗಂತ ನಾನು ಪಕ್ಷ ಬದಲಾಯಿಸಿದೆ ಅಂದ್ಕೋಬೇಡಿ. ಈ ಸ್ಪರ್ಧೆ ಸಮಸಮ ಇರಲಿಲ್ಲ, ಮೇಲಿನೋರ ಒಲವು ಯಾರ ಕಡೆ ಅಂತ ಎಲ್ಲರಿಗೂ ಗೊತ್ತಿತ್ತು, ನನಗೆ ಅದು ಈಗಲೂ ಸರಿ ಅನ್ಸಲ್ಲ. ತಾತಂಗೂ ಹೇಳಿದೆ. ‘ಅದೂ ಸರೀನೇ’ ಅಂದ್ರು. ಎರಡೂ ಸರಿ ಇರಬಹುದು ಅಂತ ಅವರಿಗೆ ನನಗಿಂತ ಬೇಗ ಗೊತ್ತಿತ್ತು.

ಭಾಗ 6

ಅಕ್ಟೋಬರ್ 17, ಸೋಮವಾರ, ಓಟಿನ ದಿನ. ನಮ್ಮ ರಾಜ್ಯದ ಪ್ರತಿನಿಧಿಗಳಿಗೆ ಕ್ವೀನ್ಸ್ ರಸ್ತೆಯ ಪಕ್ಷದ ಕಚೇರೀಲಿ. ಖರ್ಗೆಯವರದೂ ಅಲ್ಲೇ. ತರೂರ್ ತಿರುವನಂತಪುರದಲ್ಲಿ, ರಾಹುಲ್ ಗಾಂಧಿ ಯಾತ್ರೇಲಿ ಇದ್ದಿದ್ದರಿಂದ ಬಳ್ಳಾರಿ ಹತ್ರ ಸಂಗನಕಲ್ಲಿನಲ್ಲಿ. ನಾನು ಮೊದಲ ತರಗತಿ ಬಿಟ್ಟು (ಸಾರಿ ಮೇಡಂ) ಮಾರ್ಕೆಟ್, ಟೌನ್ ಹಾಲ್, ಹಡ್ಸನ್ ಸರ್ಕಲ್, ಕಬ್ಬನ್ ಪಾರ್ಕ್ ಅಂತ ಓಡ್ಕೊಂಡೇ ಹೋದೆ. ಪೊಲೀಸರು, ಟಿವಿ ವ್ಯಾನು, ಬಿಳಿ ಬಟ್ಟೆ, ಕಾರಿನ ಹಾರ್ನ್. ರಸ್ತೆ ಆಚೆ ಬೆವರು ಒರೆಸ್ಕೊಂಡು ಹತ್ತು ನಿಮಿಷ ನಿಂತಿದ್ದೆ. ಏನೂ ಕಾಣಲಿಲ್ಲ. ತಾತಂಗೆ ಮಾತ್ರ ಎಲ್ಲಾ ನೋಡಿದೆ ಅಂತ ಹೇಳಿದೆ.

ಓಟು ಹಾಕೋ ಕ್ರಮದ ಬಗ್ಗೆ ಒಂದು ತಮಾಷೆ ಇದೆ. ಮೊದಲು, ಇಷ್ಟ ಬಂದ ಹೆಸರಿನ ಮುಂದೆ ‘1’ ಬರೀರಿ ಅಂದಿದ್ರಂತೆ. ಪಟ್ಟೀಲಿ ಖರ್ಗೆಯವರ ಕ್ರಮಸಂಖ್ಯೆಯೇ 1, ಗೊಂದಲ ಆಗುತ್ತೆ ಅಂತ ತರೂರ್ ಕಡೆಯೋರು ತಕರಾರು ಮಾಡಿದ್ರು. ಆಮೇಲೆ ಟಿಕ್ ಮಾರ್ಕ್ ಅಂತ ಬದಲಾಯಿಸಿದ್ರು. ಎಲ್ಲಾ ರಾಜ್ಯದ ಚೀಟಿಗಳನ್ನೂ ದೆಹಲೀಲಿ ಬೆರೆಸಿ ಎಣಿಸಿದ್ರು, ಯಾವ ರಾಜ್ಯ ಯಾರಿಗೆ ಹಾಕ್ತು ಅಂತ ತಿಳೀಬಾರದು ಅಂತ.

19ನೇ ತಾರೀಖು ಮಧ್ಯಾಹ್ನ ಕ್ಲಾಸಲ್ಲಿ ಡೆಸ್ಕ್ ಕೆಳಗೆ ಫೋನ್ ನೋಡಿದೆ. ಖರ್ಗೆ 7,897. ತರೂರ್ 1,072. ತಿರಸ್ಕೃತ 416. ರಾತ್ರಿ ಜೋರು ಮಳೆ. ಅಮ್ಮ ಉಳಿದ ಹೂವನ್ನೆಲ್ಲ ನೆನೆಸ್ಕೊಂಡು ಬಂದ್ರು, ಆವತ್ತಿನ ವ್ಯಾಪಾರ ಹೋಯ್ತು.

ಮಾರನೇ ಬೆಳಗ್ಗೆ ಪೇಪರನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ತಂದೆ. ತಾತ ಆಗ್ಲೇ ಸ್ನಾನ ಮಾಡಿ ಕೂತಿದ್ರು. ಎಲ್ಲರಿಗಿಂತ ಮೊದಲು ಅವರಿಗೆ ಗೊತ್ತಾಗಿತ್ತು, ಆದ್ರೂ ಓದು ಅಂದ್ರು. ಓದಿದೆ. 7,897 ಅಂದಾಗ ತಲೆ ಆಡಿಸಿದ್ರು. 1,072 ಅಂದಾಗ ‘ಇನ್ನೊಂದ್ಸಲ ಓದು’ ಅಂದ್ರು.

‘ಸಾವಿರದ ಎಪ್ಪತ್ತೆರಡು.’

‘ಅಷ್ಟು ಜನ ಹಾಕವ್ರಾ?’ ಅಂತ ಖುಷಿಯಾಗಿ ನಕ್ರು. ‘ನಿನ್ ಕಡೆಯೋನೂ ಗಟ್ಟಿ ಕಣವ್ವಾ.’ ಆಮೇಲೆ 416ರ ವಿಷಯಕ್ಕೆ ಬಂದು, ‘ಒಂದ್ ಗೀಟು ಎಳಿಯಾಕೆ ಬರ್ದಲೆ ಇರೋ ನಾನೂರು ಜನ ಮುಖಂಡ್ರು ಅವ್ರಲ್ಲಾ’ ಅಂತ ಸಂಜೆವರೆಗೂ ಬಂದವರಿಗೆಲ್ಲ ಹೇಳಿದ್ರು.

ಅದೇ ದಿನ ಲಂಡನ್‌ನಲ್ಲಿ ಲಿಜ್ ಟ್ರಸ್ ರಾಜೀನಾಮೆ ಕೊಟ್ರು. ಸೆಪ್ಟೆಂಬರ್‌ನಲ್ಲಿ ಅವರ ಪಕ್ಷದ ಸದಸ್ಯರ ಓಟಲ್ಲಿ ಸೋತಿದ್ದ ರಿಷಿ ಸುನಕ್ ಹೆಸರು ಮತ್ತೆ ಬಂತು. ‘ಜಯನಗರದ ಅಳಿಯ ಸೋತಿದ್ದನಲ್ಲ?’ ಅಂದ್ರು ತಾತ. ‘ಹೂಂ, ಈಗ ಮತ್ತೆ ಓಡ್ತಾರಂತೆ’ ಅಂದೆ.

ಭಾಗ 7

ಇವತ್ತು ಭಾನುವಾರ, ನಾಳೆ ದೀಪಾವಳಿ. ಮಾರ್ಕೆಟ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲ ಅಂತ ಗೊತ್ತಿದ್ದೂ ಇವತ್ತೇ ಓಡಿದೆ. ಮನೆಯಿಂದ ಮಾರ್ಕೆಟ್, ಕೆ.ಆರ್. ರಸ್ತೆ ಹಿಡಿದು ಲಾಲ್‌ಬಾಗ್, ಒಳಗೆ ಸುತ್ತು, ಗಾಂಧಿ ಬಜಾರ್ (ವಿದ್ಯಾರ್ಥಿ ಭವನದ ಮುಂದೆ ದೋಸೆ ವಾಸನೆಗೆ ನಿಲ್ಲದೆ ಬಂದಿದ್ದೇ ಇವತ್ತಿನ ದೊಡ್ಡ ಸಾಧನೆ), ವಾಪಸ್ ಮಾರ್ಕೆಟ್. ಹತ್ತು ಕಿಲೋಮೀಟರ್, ಒಂದು ಗಂಟೆ ಇಪ್ಪತ್ತೊಂದು ನಿಮಿಷ. ಎಂಟನೇದರಲ್ಲಿ ಎರಡು ನಿಮಿಷ ನಡೆದೆ, ಅದನ್ನೂ ಸೇರಿಸೇ ಹೇಳ್ತಿದ್ದೀನಿ.

ಕೊನೇ ಫೋಟೋ ಮೆಟ್ಟಿಲ ಹತ್ರದ್ದು. ಚೆಂಡು ಹೂವಿನ ಬುಟ್ಟಿ ಹಿಂದೆ ಕೂತಿರೋದು ನಮ್ಮಮ್ಮ. ಪಕ್ಕದಲ್ಲಿ ಮೂಟೆ ಮೇಲೆ ಕೂತು ಪೇಪರ್ ಹಿಡ್ಕೊಂಡಿರೋದು ತಾತ. ಮೊನ್ನೆ ಹೊಸ ಕನ್ನಡಕ ಬಂತು, ಈಗ ಟೆಂಡರ್ ನೋಟಿಸೂ ತಾವೇ ಓದ್ತಾರೆ. ಫೋಟೋ ಹಾಕ್ಲಾ ಅಂತ ಕೇಳಿದ್ದಕ್ಕೆ ತಾತ ಸಿಂಬೆ ಬಟ್ಟೆ ತೆಗೆದು, ಕೊಡವಿ, ನೀಟಾಗಿ ಹೆಗಲ ಮೇಲೆ ಹಾಕ್ಕೊಂಡು, ಆಮೇಲೆ ಹೂಂ ಅಂದ್ರು. ಅಮ್ಮ ‘ಬೇಗ ತೆಗಿ, ಗಿರಾಕಿ ಬಂದ್ರು’ ಅಂದ್ರು.

ಹಬ್ಬ ಮುಗಿದ ಮೇಲೆ, ಗುರುವಾರದಿಂದ ಮತ್ತೆ ಓಡ್ತೀನಿ. ಐದೂಕಾಲು, ಈ ಮೆಟ್ಟಿಲ ಹತ್ರ. ಬರೋದಾದ್ರೆ ಹೇಳಿ, ನಿಧಾನಕ್ಕೇ ಓಡೋದು. ಬಂದೋರಿಗೆ ಟೀ ನಮ್ಮಮ್ಮಂದು.